ಸಿಂಹದ ಸೀಮೆಯಲ್ಲಿ ದನದ ದೊಡ್ಡಿ

ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಸೂರ್ಯ ವರ್ಷವಿಡೀ ಹೊತ್ತು ತಪ್ಪುವುದಿಲ್ಲ. ಬೆಳಿಗ್ಗೆ ಆರೂವರೆಯ ಸುಮಾರಿಗೆ ಮೂಡಿದವನು ಸಂಜೆ ಆರೂವರೆ ದಾಟುತ್ತಲೇ ಮುಳುಗುತ್ತಾನೆ. ಕೆನ್ಯಾದ ಲೈಕಿಪಿಯಾ ಪ್ರಸ್ಥಭೂಮಿಯ ದನಗಾಹಿಗಳ ದಿನಚರಿ ಅವನಿಗೇ ಕಟ್ಟಿಕೊಂಡಿದೆ. ಕತ್ತಲಾಗುವ ಮೊದಲು ಕೊನೆಯ ಕರುವೂ ದೊಡ್ಡಿ ಸೇರಿರಬೇಕು. ಸಿಂಹ, ಚಿರತೆ, ಕತ್ತೆಕಿರುಬಗಳು ಹೊರಡುವ ಹೊತ್ತು ಅದು.

ಮೌಂಟ್ ಕೆನ್ಯಾದ ವಾಯವ್ಯಕ್ಕೆ ಹರಡಿರುವ ಈ ನಾಡಿನಲ್ಲಿ ರಾಷ್ಟ್ರೀಯ ಉದ್ಯಾನಕ್ಕಿಂತ ಖಾಸಗಿ ರಾಂಚ್‌ಗಳು, ಸಮುದಾಯದ ಗೋಮಾಳಗಳೇ ಹೆಚ್ಚು. ಆದರೂ ಆನೆ, ಜಿರಾಫೆ, ಜೀಬ್ರಾಗಳಿಗೆ ಬರವಿಲ್ಲ. ನಾನ್ಯುಕಿ ಪಟ್ಟಣದ ಬಳಿಯ ಓಲ್ ಪೆಜೆಟಾ ಒಂದೇ ಸುಮಾರು 90,000 ಎಕರೆ. ಮೊದಲು ದನದ ರಾಂಚ್ ಆಗಿದ್ದ ಇದನ್ನು 2004ರಲ್ಲಿ ಫಾನಾ ಅಂಡ್ ಫ್ಲೋರಾ ಸಂಸ್ಥೆ ಆರ್ಕಸ್ ಫೌಂಡೇಶನ್ ನೆರವಿನಿಂದ ಕೊಂಡಿತು. ಲೋಕದಲ್ಲಿ ಉಳಿದಿರುವ ಕೊನೆಯ ಎರಡು ಉತ್ತರದ ಬಿಳಿ ಘೇಂಡಾಮೃಗಗಳು, ತಾಯಿ ನಜಿನ್ ಮತ್ತು ಮಗಳು ಫಾತು, ಇರುವುದು ಇಲ್ಲೇ. ಪತ್ರಿಕೆಗಳಲ್ಲಿ ಚಿತ್ರ ಬರುವುದು ಅವುಗಳದ್ದು. ಹುಲ್ಲನ್ನು ಹದದಲ್ಲಿಡುವ ದುಡಿಮೆ ಮಾತ್ರ ಸಾವಿರಾರು ಬೋರಾನ್ ದನಗಳದ್ದು.

ಬೋರಾನ್ ಡುಬ್ಬವಿರುವ, ಗಂಗೆದೊಗಲು ಜೋಲುವ ತಳಿ. ದಕ್ಷಿಣ ಇಥಿಯೋಪಿಯಾದ ಬೋರಾನ ಪಶುಪಾಲಕರ ಕೊಡುಗೆ. ಹಾಲೂಡುವ ಹಸುಗಳದ್ದೊಂದು ಮಂದೆ, ಕಡಸುಗಳದ್ದೊಂದು, ಹೋರಿಗಳದ್ದೊಂದು. ಹುಲ್ಲುಗಾವಲನ್ನು ತುಂಡು ತುಂಡು ಮಾಡಿ ಬೇಲಿ ಹಾಕುವಂತಿಲ್ಲ, ಆನೆ ಅಡ್ಡಾಡಬೇಕಲ್ಲ! ಹಾಗಾಗಿ ಬೇಲಿಯ ಕೆಲಸವೂ ದನಗಾಹಿಯ ಹೆಗಲಿಗೇ: ಇಂದು ಈ ತಗ್ಗು, ನಾಳೆ ಆಚೆಯ ದಿಬ್ಬ, ಮೇಯ್ದ ನೆಲಕ್ಕೆ ಬಿಡುವು. ನಡುವೆ ಉಣ್ಣೆಹುಳುವಿನ ಔಷಧಿಯ ಸ್ನಾನ. ಔಷಧಿ ಮೆತ್ತಿಕೊಂಡ ದನಗಳು ಓಡಾಡಿದ ಕಡೆ ಹುಲ್ಲಿನಲ್ಲಿರುವ ಉಣ್ಣೆಹುಳುಗಳೂ ಕಡಿಮೆಯಾಗುವುದನ್ನು ಸಂಶೋಧಕರು ಇಲ್ಲಿ ಗುರುತಿಸಿದ್ದಾರೆ. ಜಿಂಕೆಗಳಿಗೆ ಪುಕ್ಕಟೆ ಚಿಕಿತ್ಸೆ.

ಈ ಕಸುಬಿನ ಜಾಣ್ಮೆಯೆಲ್ಲ ಇರುವುದು ದೊಡ್ಡಿಯಲ್ಲಿ. ಅಲ್ಲಿನವರು ಅದನ್ನು ಬೋಮಾ ಎನ್ನುತ್ತಾರೆ. ಹಳೆಯ ಬೋಮಾ ಎಂದರೆ ಜಾಲಿಮುಳ್ಳಿನ ಸುತ್ತುಬೇಲಿ. ಸಿಂಹಕ್ಕೆ ಅದನ್ನು ಹಾರುವ ಕಷ್ಟವೂ ಬೇಕಿಲ್ಲ. ಹೊರಗೆ ನಿಂತು ಬೆದರಿಸಿದರೆ ಸಾಕು, ಗಾಬರಿಬಿದ್ದ ದನಗಳು ತಾವೇ ಬೇಲಿ ಮುರಿದು ಅದರ ಬಾಯಿಗೆ ಬೀಳುತ್ತವೆ. ಈಗ ಅನೇಕ ಕಡೆ ಲೋಹದ ಚೌಕಟ್ಟುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ನಿಲ್ಲಿಸುತ್ತಾರೆ. ಬಿಚ್ಚಿ ಬೇರೆಡೆಗೆ ಒಯ್ಯುವುದೂ ಸುಲಭ. ಲೋಹವೊಂದನ್ನೇ ನಂಬಿ ಯಾರೂ ಮಲಗುವುದಿಲ್ಲ. ಗಟ್ಟಿ ಬೇಲಿಯ ಜೊತೆಗೆ ನಾಯಿಗಳೂ ಜನರ ಓಡಾಟವೂ ಇದ್ದಲ್ಲಿ ನಷ್ಟ ಕಡಿಮೆ ಎಂದು 2003ರಲ್ಲಿ ಪ್ರಕಟವಾದ ಲೈಕಿಪಿಯಾದ ಅಧ್ಯಯನವೊಂದು ತೋರಿಸಿತ್ತು.

ಓಲ್ ಪೆಜೆಟಾದಲ್ಲಿ ಬೋಮಾವನ್ನು ಬೇಕೆಂದೇ ಬೋಳುನೆಲದ ಮೇಲೆ ಹೂಡುತ್ತಾರೆ. ನಮ್ಮ ರೈತರು ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ಲೆಕ್ಕವೇ ಇದು. ಸಗಣಿ, ಗಂಜಲ, ಗೊರಸಿನ ತುಳಿತ ಬಿದ್ದು, ಮೇಲೊಂದು ಮಳೆಯಾದರೆ ಹುಲ್ಲು ಚಿಗುರುತ್ತದೆ. ತಿಂಗಳುಗಟ್ಟಲೆ ಬಳಸಿ ಬಿಟ್ಟ ಹಳೆಯ ಬೋಮಾಗಳ ಗುರುತಂತೂ ದಶಕಗಳಾದರೂ ಅಳಿಯುವುದಿಲ್ಲ. ಸಾರಜನಕ, ರಂಜಕ ತುಂಬಿದ ಆ ಬಯಲುಗಳಲ್ಲಿ ನಮ್ಮ ಗರಿಕೆಯ ಕುಲದ ಹುಲ್ಲು ಹಬ್ಬುತ್ತದೆ, ಮರಗಳು ಸುಲಭಕ್ಕೆ ಏಳುವುದಿಲ್ಲ. ಇಂಪಾಲಗಳಿಗೆ ಅಲ್ಲಿ ಮೇವೂ ಉಂಟು, ಬೇಟೆಗಾರ ಪ್ರಾಣಿ ದೂರದಿಂದಲೇ ಕಾಣುವ ಅನುಕೂಲವೂ ಉಂಟು.

ಹಾಗಾದರೆ ಜೀಬ್ರಾ ಮತ್ತು ದನದ ನಡುವೆ ಹುಲ್ಲಿನ ಜಗಳವಿಲ್ಲವೇ? ಇದೆ, ಆದರೆ ಕಾಲ ನೋಡಿಕೊಂಡು. ಸಮೀಪದ ಎಂಪಾಲಾ ಸಂಶೋಧನಾ ಕೇಂದ್ರದ ಎರೆಭೂಮಿಯಲ್ಲಿ 1995ರಿಂದ ಪ್ರಯೋಗವೊಂದು ನಡೆದಿದೆ. ತಲಾ 4 ಹೆಕ್ಟೇರಿನ 18 ತಾಕುಗಳು. ಒಂದರೊಳಗೆ ದನ ಮಾತ್ರ, ಇನ್ನೊಂದರೊಳಗೆ ಕಾಡುಪ್ರಾಣಿ ಮಾತ್ರ, ಮತ್ತೊಂದರಲ್ಲಿ ಎರಡೂ, ಹೀಗೆ. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಬೇಸಿಗೆಯಲ್ಲಿ ಕಾಡುಪ್ರಾಣಿಗಳ ಜೊತೆ ಮೇಯ್ದ ದನಗಳ ತೂಕ ಅಷ್ಟಾಗಿ ಏರಲಿಲ್ಲ. ಮಳೆಗಾಲದಲ್ಲಿ ಮಾತ್ರ ಜೊತೆಯಲ್ಲಿ ಮೇಯ್ದವೇ ಹೆಚ್ಚು ಮೈತುಂಬಿಕೊಂಡವು. ಒರಟು ಒಣದಂಟನ್ನು ಜೀಬ್ರಾದಂಥವು ತಿಂದು ತೆಗೆದು, ದನದ ಬಾಯಿಗೆ ಎಳೆಯ ಹುಲ್ಲು ಎಟುಕಿಸಿದ್ದವು.

ಹುಲ್ಲಿಗಿಂತ ಬಿಗಿಯಾದ ಕಗ್ಗಂಟು ನೆಲದ್ದು. 1911ರ ಒಪ್ಪಂದದ ಹೆಸರಿನಲ್ಲಿ ಬ್ರಿಟಿಷರು ಮಾಸಾಯಿ ಪಶುಪಾಲಕರನ್ನು ಲೈಕಿಪಿಯಾದಿಂದ ದಕ್ಷಿಣಕ್ಕೆ ಎತ್ತಂಗಡಿ ಮಾಡಿದ್ದರು. ರಾಂಚ್‌ಗಳ ಚರಿತ್ರೆ ಬರೆಯುವಾಗ ಬಹಳ ಮಂದಿ ಇದನ್ನು ಹಾರಿಸಿಬಿಡುತ್ತಾರೆ. 2017ರ ಬರಗಾಲದಲ್ಲಿ ಸುತ್ತಲ ಪಶುಪಾಲಕರು ಮಂದೆಗಳೊಂದಿಗೆ ಹಲವು ರಾಂಚ್‌ಗಳಿಗೆ ನುಗ್ಗಿದಾಗ ರಕ್ತವೂ ಹರಿಯಿತು. ಕೆಲವು ರಾಂಚ್‌ಗಳು ಒಪ್ಪಂದ ಮಾಡಿಕೊಂಡು ನೆರೆಯವರ ದನಗಳಿಗೂ ಗಾವಲು ಬಿಟ್ಟುಕೊಡುತ್ತವೆ. ಎಷ್ಟು ತಲೆ, ಯಾವ ದಿಕ್ಕು, ಎಷ್ಟು ದಿನ ಎಂಬ ಚೌಕಾಸಿ ಮಳೆ ಕೈಕೊಟ್ಟ ಪ್ರತಿ ವರ್ಷವೂ ಹೊಸದಾಗಿ ಶುರುವಾಗುತ್ತದೆ.