ಮಾರಿದ ಮಾಲು ವಾಪಸ್ ಇಲ್ಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಫರ್ನಿಚರ್ ಅಂಗಡಿಗಳಿಗೆ ಸುಗ್ಗಿ ಅಂದರೆ ಮದುವೆಯ ತಿಂಗಳುಗಳು. ಮಂಚ, ಗಾದಿ, ತಿಜೋರಿ, ಡ್ರೆಸ್ಸಿಂಗ್ ಟೇಬಲ್ ಎಲ್ಲವೂ ಒಂದೇ ಟೆಂಪೊ ಏರಿ ಹೆಣ್ಣಿನ ಗಂಡನ ಮನೆ ಸೇರುತ್ತವೆ. ತಕರಾರು ಶುರುವಾಗುವುದು ಆಮೇಲೆ. ಸರಿಯಾಗಿ ಒಣಗಿಸದ ಮರ ಇಲ್ಲಿಯ ಬಿರುಬೇಸಿಗೆಗೆ ತೇವ ಕಳೆದುಕೊಂಡು ಕುಗ್ಗುತ್ತದೆ, ಕೀಲು ಸಡಿಲಾಗುತ್ತದೆ, ಹಲಗೆ ಬಾಯಿ ಬಿಡುತ್ತದೆ. ಸಾಗವಾನಿ ಎಂದು ಕೊಟ್ಟ ಮಂಚದ ಒಳಗಟ್ಟಿನಲ್ಲಿ ಬಿಳಿ ಮರ ಸೇರಿಸಿದ್ದರೆ ಕೆಲವು ತಿಂಗಳಲ್ಲೇ ಹುಳ ಬಿದ್ದು ನೆಲದ ಮೇಲೆ ಹಿಟ್ಟು ಉದುರತೊಡಗುತ್ತದೆ. ಅಂಗಡಿಗೆ ಹೋಗಿ ಕೇಳಿದರೆ ಉತ್ತರ ಸಿದ್ಧವಿರುತ್ತದೆ: “ಬಿಲ್ಲಿನ್ಯಾಗ ಬರದೈತಿ ನೋಡ್ರಿ, ಮಾರಿದ ಮಾಲು ವಾಪಸ್ ತಗೊಳ್ಳಂಗಿಲ್ಲ.”

ಬಹಳ ಜನ ಅಲ್ಲಿಂದಲೇ ತಿರುಗಿ ಬರುತ್ತಾರೆ. ಅಚ್ಚಾದ ಅಕ್ಷರಕ್ಕೆ ನಮ್ಮಲ್ಲಿ ಅಷ್ಟು ಭಯ. ಆದರೆ ದೋಷವಿರುವ ಮಾಲಿನ ಮಟ್ಟಿಗೆ ಆ ಸಾಲಿಗೆ ಕಿಮ್ಮತ್ತಿಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವಿರುವ ವಸ್ತುವನ್ನು ಹಿಂಪಡೆಯದೆ ಇರುವುದನ್ನೇ ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿಯೊಳಗೆ, ಬರೆಯದಿದ್ದರೆ 30 ದಿನದೊಳಗೆ ಕೇಳಿದಾಗ ಅಂಗಡಿಯವರು ಮಾಲು ಹಿಂದಕ್ಕೆ ಪಡೆದು ಹಣ ಮರಳಿಸಬೇಕು. ‘ವಾಪಸ್ ಇಲ್ಲ’ ಎಂಬುದು ಯಾವ ಅವಧಿಯೂ ಅಲ್ಲ. 30 ದಿನ ಕಳೆದರೆ ಎಲ್ಲ ಮುಗಿಯಿತು ಎಂದೂ ತಿಳಿಯಬೇಕಿಲ್ಲ. ದೋಷದ ಬಗ್ಗೆ ದೂರು ಕೊಡಲು ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ಅಂಗಡಿಯವರ ಪರವಾಗಿಯೂ ಒಂದು ಮಾತು: ಬಣ್ಣ ಗೋಡೆಗೆ ಒಪ್ಪಲಿಲ್ಲ, ಬೀಗರಿಗೆ ಸೇರಲಿಲ್ಲ ಎಂದು ಮಂಚ ಮರಳಿಸುವ ಹಕ್ಕು ಈ ಕಾಯ್ದೆಯಲ್ಲಿಲ್ಲ. ಸೋರುವ ಮಾಳಿಗೆಯ ಕೆಳಗಿಟ್ಟು ಪ್ಲೈವುಡ್ ಉಬ್ಬಿಸಿಕೊಂಡವರಿಗೂ ಇಲ್ಲ.

ಮದುವೆಯ ಸಾಮಾನಿನಲ್ಲಿ ಇನ್ನೊಂದು ತೊಡಕು. ದುಡ್ಡು ಕೊಟ್ಟವನು ಯಲಬುರ್ಗಾದ ಅಪ್ಪ, ಮಲಗುವವಳು ಕುಷ್ಟಗಿಯ ಮಗಳು. ಹಾಗಾದರೆ ಗ್ರಾಹಕರು ಯಾರು? ಇಬ್ಬರೂ. ಕೊಂಡವರ ಒಪ್ಪಿಗೆಯಿಂದ ಬಳಸುವವರನ್ನೂ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ದೂರು ಎಲ್ಲಿ ಕೊಡಬೇಕೆಂಬ ವಿಚಾರದಲ್ಲಿ 2019ರ ಕಾಯ್ದೆ ದೊಡ್ಡ ಬದಲಾವಣೆ ತಂದಿತು. ಹಳೆಯ 1986ರ ಕಾಯ್ದೆಯಲ್ಲಿ ಅಂಗಡಿ ಇರುವ ಅಥವಾ ವ್ಯವಹಾರ ನಡೆದ ಜಾಗವನ್ನು ಹಿಡಿದು ಹೋಗಬೇಕಿತ್ತು. ಈಗ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಹೂಡಬಹುದು. ಹುಬ್ಬಳ್ಳಿಯಲ್ಲಿ ಕೊಂಡ ಸೋಫಾಕ್ಕೂ ಗಂಗಾವತಿಯವರು ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬಂದರೆ ಸಾಕು. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಹಳ್ಳಿಯವರಿಗೆ ಹೆಚ್ಚು ಉಪಕಾರವಾದದ್ದು ಇದೊಂದೇ ಸಾಲು.

ಅಪ್ಪ, ಮಗಳು ಇಬ್ಬರೂ ಗ್ರಾಹಕರೇ ಆದರೂ ಬಿಲ್ಲನ್ನು ಮಗಳ ಹೆಸರಿನಲ್ಲೇ ಬರೆಸುವುದು ಜಾಣತನ. ಮುಂದೆಂದಾದರೂ ಆ ಸಾಮಾನು ಯಾರದು ಎಂಬ ಪ್ರಶ್ನೆ ಎದ್ದರೆ ಅದು ಅವಳ ಸ್ತ್ರೀಧನ ಎನ್ನಲು ಅದೇ ಕಾಗದ ಕೈಹಿಡಿಯುತ್ತದೆ. ಆ ಕೆಲಸಕ್ಕೆ ಪಕ್ಕಾ ಬಿಲ್ಲೇ ಬೇಕು. ಮರದ ಪೀಠೋಪಕರಣಕ್ಕೆ ಜಿಎಸ್‌ಟಿ ಶೇ. 18, ₹40,000ದ ಸಾಮಾನಿಗೆ ₹7,200. “ಬಿಲ್ ಬ್ಯಾಡಂದ್ರ ಅಷ್ಟೂ ಉಳಿತೈತ್ರಿ” ಎಂದಾಗ ಮದುವೆ ಮನೆಯವರ ಮನಸ್ಸು ಆ ಕಡೆ ವಾಲುವುದು ಸಹಜ. ಆದರೆ ಕೈಗೆ ಸಿಗುವ ಎಸ್ಟಿಮೇಟ್ ಚೀಟಿಯಲ್ಲಿ ಅಂಗಡಿಯ ಹೆಸರೂ ಇರುವುದಿಲ್ಲ, ಮರದ ಜಾತಿಯೂ ಇರುವುದಿಲ್ಲ. ಬಾಯಲ್ಲಿ ಹೇಳಿದ ‘ಸಾಗವಾನಿ’, ‘ಐದು ವರ್ಷ ವಾರಂಟಿ’ ಎಂಬ ಮಾತುಗಳನ್ನು ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿದರೆ ಅವು ಪುರಾವೆಯಾಗುತ್ತವೆ. ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಈಗಾಗಲೇ ಬಿಲ್ಲಿಲ್ಲದೆ ಕೊಂಡಿದ್ದರೆ ಫೋನ್‌ಪೇ, ಗೂಗಲ್ ಪೇ ಪಾವತಿ, ಅಂಗಡಿಯವರ ಜೊತೆಗಿನ ವಾಟ್ಸ್ಆ್ಯಪ್ ಮಾತು, ಸಾಮಾನು ಇಳಿಸಿದ ದಿನದ ಫೋಟೊ ಇವನ್ನು ಅಳಿಸದೆ ಇಟ್ಟುಕೊಳ್ಳಿ.

ದೋಷ ಕಂಡ ದಿನವೇ ಫೋಟೊ ತೆಗೆದು ಅಂಗಡಿಗೆ ಬರಹದಲ್ಲಿ ತಿಳಿಸಬೇಕು. ಫೋನಿನ ಮಾತು ಗಾಳಿಗೆ ಹೋಗುತ್ತದೆ. “ಕಂಪನಿಗೆ ಹೇಳ್ರಿ” ಎಂದು ಅಂಗಡಿಯವರು ಜಾರಿಕೊಂಡರೆ ತಯಾರಕರನ್ನೂ ಸೇರಿಸಿ ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಯಾವ ದೋಷ, ಏನು ಬೇಕು, ಎಷ್ಟು ದಿನದೊಳಗೆ ಎಂದು ಬರೆದರೆ ಸಾಕು. ಇದನ್ನು ಕಳಿಸಲೇಬೇಕೆಂದು ಕಾಯ್ದೆ ಹೇಳುವುದಿಲ್ಲ, ಆದರೆ ಎಷ್ಟೋ ಜಗಳ ಅಲ್ಲೇ ಮುಗಿಯುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಅವರೂ ಕಂಪನಿಗೆ ದೂರು ಮುಟ್ಟಿಸುತ್ತಾರೆ. ಆದೇಶ ಮಾಡುವ ಅಧಿಕಾರ ಮಾತ್ರ ಅವರಿಗಿಲ್ಲ. ಕಂತಿನ ಮೇಲೆ ಕೊಂಡವರು ಸಿಟ್ಟಿನಲ್ಲಿ ಕಂತು ನಿಲ್ಲಿಸಬಾರದು. ಸಾಲ ಕೊಟ್ಟ ಫೈನಾನ್ಸ್‌ನ ಲೆಕ್ಕವೇ ಬೇರೆ, ಸಿಬಿಲ್ ಕೆಡುವುದು ನಿಮ್ಮದು.

ಇಷ್ಟಕ್ಕೂ ಬಗ್ಗದಿದ್ದರೆ ಕೊಪ್ಪಳದ ಆಯೋಗ. ₹50 ಲಕ್ಷದವರೆಗೆ ಬೆಲೆ ಕೊಟ್ಟು ಕೊಂಡದ್ದರ ದೂರುಗಳು ಜಿಲ್ಲಾ ಆಯೋಗಕ್ಕೆ ಸೇರಿದವು. ₹5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು, ಆನ್‌ಲೈನಿನಲ್ಲಿ ಇ-ಜಾಗೃತಿ ಮೂಲಕ ಹೂಡಬಹುದು, ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಬಹುದು. ವಕೀಲರು ಬೇಕೆನ್ನುವ ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಕಾನೂನು ಸೇವೆಗಳ ಪ್ರಾಧಿಕಾರದ ನೆರವು ಪುಕ್ಕಟೆ. ನೋಟಿಸ್ ಮುಟ್ಟಿದ ಎದುರುದಾರರು 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನದಲ್ಲಿ ಉತ್ತರ ಕೊಡಬೇಕು. ಈ 45 ದಿನವನ್ನು ಹಿಗ್ಗಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂಬ ಆಶಯವೂ ಕಾಯ್ದೆಯಲ್ಲಿದೆ. ಆಶಯವೆಂದೇ ಓದಿಕೊಳ್ಳಿ, ವಾಯಿದೆಗಳು ಬೀಳುತ್ತವೆ. ಅನುಭವಿ ಬಡಿಗೇರರೊಬ್ಬರಿಂದ ಮರ ಯಾವುದು, ಕೀಲು ಯಾಕೆ ಬಿಟ್ಟಿತು ಎಂದು ಪ್ರಮಾಣಪತ್ರ ಬರೆಸಿ ಜೋಡಿಸಿದರೆ ಕೆಲಸ ಹಗುರಾಗುತ್ತದೆ.

ಬಡಿಗೇರರ ಕೈಯಲ್ಲೇ ಮಾಡಿಸಿದ ಸಾಮಾನಿನ ಕತೆ ಬೇರೆ. ಮಂಚಕ್ಕೆ ಇಷ್ಟು ಎಂದು ಗುತ್ತಿಗೆ ಮಾತಾಡಿ ಮಾಡಿಸಿದ್ದರೆ ಅದು ಸೇವೆ, ಕೆಟ್ಟರೆ ದೂರು ನಿಲ್ಲುತ್ತದೆ. ನೀವೇ ಮರ ತಂದು, ನಿಮ್ಮ ಮನೆಯಲ್ಲಿ, ನೀವು ಹೇಳಿದಂತೆ ದಿನಗೂಲಿಗೆ ದುಡಿಸಿದ್ದರೆ ಅವರು ನಿಮ್ಮ ಕೆಲಸಗಾರರು; ಅವರ ಮೇಲೆ ಗ್ರಾಹಕರಾಗಿ ಹೋಗುವುದು ಕಷ್ಟ. ಗಂಗಾವತಿಯ ಅಕ್ಕಿ ಗಿರಣಿಯವರು ಆಫೀಸಿಗೆಂದು ಕುರ್ಚಿ ಕೊಂಡರೆ ‘ವಾಣಿಜ್ಯ ಉದ್ದೇಶ’ ಎಂಬ ಆಕ್ಷೇಪಣೆ ಬರಬಹುದು. ಹೊಟ್ಟೆಪಾಡಿಗೆ ತಾನೇ ಹೊಲಿಯುವ ದರ್ಜಿಯ ಟೇಬಲ್ಲಿಗೆ ಆ ಮಾತು ಅನ್ವಯಿಸುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಕೊಂಡರೆ ಹಕ್ಕಂತೂ ಅಷ್ಟೇ ಇದೆ, ಆದರೆ ಜಾತ್ರೆ ಮುಗಿದ ಮೇಲೆ ಅಂಗಡಿಯೇ ಇರುವುದಿಲ್ಲ. ಕಾಯಂ ವಿಳಾಸ ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ.

ಸಣ್ಣ ಮೊತ್ತಕ್ಕೆ ಯಾಕೆ ರಂಪ ಎನ್ನುವವರು ಬೆಂಗಳೂರಿನ ನಾಗಸಂದ್ರದ ಐಕಿಯಾ ಪ್ರಕರಣ ನೋಡಬಹುದು. ಸಾಮಾನು ತುಂಬಿಸಿಕೊಂಡು ಹೋಗುವ ಚೀಲಕ್ಕೆ ₹20 ಹಿಡಿದದ್ದಕ್ಕೆ ಆ ಪೀಠೋಪಕರಣ ದೈತ್ಯನಿಗೆ 2023ರಲ್ಲಿ ಅಲ್ಲಿಯ ಗ್ರಾಹಕ ಆಯೋಗ ಪರಿಹಾರ ಮತ್ತು ಖರ್ಚು ಸೇರಿ ₹3,000 ಕಟ್ಟಲು ಆದೇಶಿಸಿತು.

ದೋಷ ರುಜುವಾದರೆ ಆಯೋಗ ದುರಸ್ತಿ ಮಾಡಿಸಬಹುದು, ಹೊಸದನ್ನು ಕೊಡಿಸಬಹುದು, ಬಡ್ಡಿಯೊಂದಿಗೆ ಹಣ ಮರಳಿ ಕೊಡಿಸಬಹುದು, ಪರಿಹಾರವನ್ನೂ ಖರ್ಚನ್ನೂ ಕೊಡಿಸಬಹುದು. ಮಂಚ ಮುರಿದುಬಿದ್ದು ಸೊಂಟಕ್ಕೆ ಪೆಟ್ಟಾಗಿದ್ದರೆ ಅದಕ್ಕೆ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವೇ ಇದೆ. ಅಂಗಡಿಯವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಮೊತ್ತದಲ್ಲಿ ಅರ್ಧ ಮೊದಲೇ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಪಾಲನೆಯೂ ಇಲ್ಲ ಎಂದು ಸುಮ್ಮನೆ ಕೂತರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಬಹುದು: ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ ₹25,000ದಿಂದ ₹1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.