ಸಿಗಡಿಗೆ ವ್ಯಾಕ್ಸಿನ್ ಹಾಕಿಸಬಹುದಾ?

ಕಳೆದ ವಾರ ಕುಮಟಾ ಕಡೆಯಿಂದ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರಪ್ಪ ಸಾಲ ಮಾಡಿ ಸಿಗಡಿ ಹೊಂಡ ಮಾಡಿದ್ದಾರೆ. ಹೋದ ಸಲ ಬಿಳಿ ಚುಕ್ಕೆ ರೋಗ ಬಂದು ಒಂದೇ ವಾರದಲ್ಲಿ ಹೊಂಡ ಖಾಲಿ. ಈಗ ಯಾರೋ ಬಂದು "ಇಮ್ಯೂನಿಟಿ ಔಷಧಿ ಹಾಕಿ, ವ್ಯಾಕ್ಸಿನ್ ಥರಾನೇ ಕೆಲಸ ಮಾಡುತ್ತೆ" ಅಂತಿದ್ದಾರಂತೆ. "ಅಣ್ಣಾ, ದುಡ್ಡು ಹಾಕ್ಬೋದಾ?" ಅಂತ ಪ್ರಶ್ನೆ. ನಾನು ಓದಿದ್ದು ಬಿ.ಕಾಂ., ಆದ್ರೂ ಕೂತು ಓದಿಕೊಂಡು ಬಂದಿದ್ದೀನಿ.

ಮೊದಲು ವ್ಯಾಕ್ಸಿನ್ ವಿಷಯ. ನಮ್ಮ ದೇಹ ಒಮ್ಮೆ ನೋಡಿದ ವೈರಸ್ಸನ್ನು ನೆನಪಿಟ್ಟುಕೊಂಡು, ಅದಕ್ಕೆ ತಕ್ಕ ಆಂಟಿಬಾಡಿ ತಯಾರಿಸುತ್ತೆ. ವ್ಯಾಕ್ಸಿನ್ ನಡೆಯೋದೇ ಈ ನೆನಪಿನ ಮೇಲೆ. ಸಿಗಡಿ, ಏಡಿ, ಸೊಳ್ಳೆ, ಹುಳ, ಹೀಗೆ ಬೆನ್ನುಮೂಳೆ ಇಲ್ಲದ ಜೀವಿಗಳಲ್ಲಿ ಆಂಟಿಬಾಡಿಯೇ ಇಲ್ಲ.

ಹಾಗಾದ್ರೆ ಅವು ಬದುಕಿರೋದು ಹೇಗೆ?

ಸಿಗಡಿಗೆ ಗಟ್ಟಿ ಚಿಪ್ಪಿದೆ. ರಕ್ತದಲ್ಲಿ ಕಾವಲು ಕಣಗಳಿವೆ. ಅವು ಹೊರಗಿನಿಂದ ಬಂದ ಸೂಕ್ಷ್ಮಜೀವಿಯನ್ನು ನುಂಗುತ್ತವೆ, ಇಲ್ಲವೇ ಸುತ್ತುವರಿದು ಕಪ್ಪು ಮೆಲನಿನ್ ಒಳಗೆ ಹೂತುಬಿಡುತ್ತವೆ. ಆದರೆ ವೈರಸ್ ಜೀವಕೋಶದ ಒಳಗೇ ಹೊಕ್ಕರೆ ಏನು ಗತಿ? ಅಲ್ಲಿ ಇನ್ನೊಂದು ವ್ಯವಸ್ಥೆ ಇದೆ, ಹೆಸರು ಆರ್‌ಎನ್‌ಎ ಇಂಟರ್‌ಫಿಯರೆನ್ಸ್. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಇದನ್ನು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ತೋರಿಸಿಕೊಟ್ಟರು. 2006ರಲ್ಲಿ ಅವರಿಗೆ ನೊಬೆಲ್ ಬಂತು.

ಬ್ಯಾಂಕ್ ಭಾಷೆಯಲ್ಲಿ ಹೇಳ್ತೀನಿ. ಜೀವಕೋಶದಲ್ಲಿ ಕೆಲಸದ ಆದೇಶಗಳು ಓಡಾಡೋದು ಒಂದೆಳೆಯ ಆರ್‌ಎನ್‌ಎ ರೂಪದಲ್ಲಿ. ಇವು ಚೆಕ್ ಇದ್ದ ಹಾಗೆ. ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ಉದ್ದನೆಯ ಎರಡೆಳೆ ಆರ್‌ಎನ್‌ಎ ಹುಟ್ಟುತ್ತೆ. ಕೋಶಕ್ಕೆ ಅಲ್ಲೇ ಅನುಮಾನ. ಡೈಸರ್ ಅನ್ನೋ ಪ್ರೋಟೀನ್ ಅದನ್ನು ಸುಮಾರು 21-22 ಅಕ್ಷರದ ತುಂಡುಗಳಾಗಿ ಕತ್ತರಿಸುತ್ತೆ. ಆರ್ಗೊನಾಟ್ ಅನ್ನೋ ಇನ್ನೊಂದು ಪ್ರೋಟೀನ್ ಆ ತುಂಡನ್ನೇ ನಮೂನೆಯಾಗಿ ಕೈಯಲ್ಲಿ ಹಿಡಿದು, ಕೌಂಟರಿಗೆ ಬಂದ ಪ್ರತಿ ಚೆಕ್ಕಿಗೂ ಹೋಲಿಸಿ ನೋಡುತ್ತೆ. ಹೊಂದಿಕೆ ಆಯ್ತಾ, ಹರಿದು ಹಾಕುತ್ತೆ. ಡೆಂಗ್ಯೂ ವೈರಸ್ ಹೊತ್ತ ಸೊಳ್ಳೆ ಆರಾಮಾಗಿ ಹಾರಾಡಿಕೊಂಡಿರೋದಕ್ಕೆ ಒಂದು ಕಾರಣ ಇದೇ. ವೈರಸ್ ಅದರೊಳಗೆ ಇರುತ್ತೆ, ಆದ್ರೆ ಮಿತಿ ಮೀರಿ ಬೆಳೆಯಲ್ಲ.

ಇಷ್ಟೆಲ್ಲಾ ಇದ್ದೂ ಸಿಗಡಿ ಯಾಕೆ ಸಾಯುತ್ತೆ? ಇದು ವೇಗದ ಆಟ. 1990ರ ದಶಕದ ಆರಂಭದಲ್ಲಿ ಪೂರ್ವ ಏಷ್ಯಾದಲ್ಲಿ ಕಾಣಿಸಿಕೊಂಡ ಬಿಳಿ ಚುಕ್ಕೆ ವೈರಸ್, ಕೆಲವೇ ವರ್ಷದಲ್ಲಿ ನಮ್ಮ ಕರಾವಳಿಗೂ ಬಂತು. ಹೊಂಡಕ್ಕೆ ಹೊಕ್ಕರೆ 3ರಿಂದ 10 ದಿನದಲ್ಲಿ ಬಹುತೇಕ ಎಲ್ಲವನ್ನೂ ಕೊಲ್ಲಬಲ್ಲದು. ಕಿಕ್ಕಿರಿದ ಹೊಂಡದಲ್ಲಿ ಸತ್ತ ಸಿಗಡಿಯನ್ನು ಬದುಕಿದ್ದು ತಿನ್ನುತ್ತೆ, ರೋಗ ಇನ್ನೂ ಹರಡುತ್ತೆ. ಹರಿದು ಹಾಕೋ ಕ್ಯಾಷಿಯರ್ ಒಬ್ಬ, ನಕಲಿ ಚೆಕ್ ಲಕ್ಷ.

ಇದೇ ವ್ಯವಸ್ಥೆಯನ್ನು ಔಷಧಿ ಮಾಡಬಹುದಲ್ವಾ? ವಿಜ್ಞಾನಿಗಳೂ ಹಾಗೇ ಯೋಚಿಸಿದ್ರು. ವೈರಸ್ಸಿಗೆ ಹೊಂದುವ ಎರಡೆಳೆ ಆರ್‌ಎನ್‌ಎಯನ್ನು ಸಿಗಡಿಗೆ ಚುಚ್ಚಿದಾಗ ಪ್ರಯೋಗಾಲಯದಲ್ಲಿ ರಕ್ಷಣೆ ಸಿಕ್ಕಿದೆ. ಆದರೆ ಲಕ್ಷಾಂತರ ಸಿಗಡಿಗೆ ಒಂದೊಂದಾಗಿ ಸೂಜಿ ಚುಚ್ಚೋರು ಯಾರು? ಆಹಾರದಲ್ಲಿ ಬೆರೆಸಿದರೆ ಆರ್‌ಎನ್‌ಎ ಬೇಗ ಹಾಳಾಗುತ್ತೆ. ಅಡಚಣೆ ಇರೋದು ಇಲ್ಲೇ.

ಹಾಗಾಗಿ ತಮ್ಮಾ, ಅಪ್ಪನಿಗೆ ಹೀಗೆ ಹೇಳು. ಬಾಟಲಿಗೆ ಹಾಕೋ ದುಡ್ಡನ್ನು ಪಿಸಿಆರ್ ಟೆಸ್ಟಿಗೆ ಹಾಕಿ. ಮರಿ ಬಿಡೋ ಮೊದಲು ಟೆಸ್ಟ್ ಮಾಡಿಸಿ. ಏಡಿ ಈ ವೈರಸ್ಸನ್ನು ಹೊತ್ತು ತರುತ್ತೆ, ಅದಕ್ಕೆ ಹೊಂಡದ ಸುತ್ತ ತಡೆಬಲೆ ಕಟ್ಟಿ. ಒಳಗೆ ಬಿಡೋ ನೀರನ್ನು ಸೋಸಿ, ಶುದ್ಧ ಮಾಡಿ. ರೋಗ ಬಂದ್ರೆ ಹೊಂಡದ ನೀರನ್ನು ಹಾಗೇ ಹೊಳೆಗೆ ಬಿಡಬೇಡಿ. ಪಕ್ಕದ ಮನೆಯವರ ಹೊಂಡಕ್ಕೆ ಬರೋದೂ ಅದೇ ನೀರು.

ಮತ್ತೆ ಊಟಕ್ಕೆ ಸಿಗಡಿ ತಿನ್ನೋರು ಹೆದರಬೇಡಿ, ಈ ವೈರಸ್ ಮನುಷ್ಯರಿಗೆ ತಗುಲಲ್ಲ. ಸಿಗಡಿ ಸಾಕೋರು ಯಾರಾದ್ರೂ ಗೊತ್ತಿದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.