ಇಂಗ್ಲಿಷ್ ಕಲಿಸಲು ಹೋಗಿ ಕನ್ನಡ ಕಲಿತೆವು

ನಮ್ಮ ಬಂಧುಗಳೊಬ್ಬರ ಮಗಳು ಒಂದು ವರ್ಷದ ಮಟ್ಟಿಗೆ ಸ್ವಯಂಸೇವಕಿಯಾಗಿ ಇಂಗ್ಲಿಷ್ ಕಲಿಸಲು ಪರದೇಶಕ್ಕೆ ಹೊರಟಿದ್ದಾಳೆ. ಮೊನ್ನೆ ತಾಯಿಯೊಡನೆ ನಮ್ಮ ಮನೆಗೆ ಬಂದಿದ್ದಳು. ತಾಯಿಗೆ ಮಗಳ ಊಟದ ಚಿಂತೆ. ಮಗಳಿಗೆ ಪಾಠದ ಚಿಂತೆ. "ದೊಡ್ಡಪ್ಪ, ಗುರುತು ಪರಿಚಯವಿಲ್ಲದ ಜಾಗದಲ್ಲಿ ದಿನ ಕಳೆಯೋದು ಹೇಗೆ?" ಎಂದು ಆಕೆ ಕೇಳಿದಾಗ, ಸಮುದ್ರ ದಾಟದ ನಾವು ಏನು ಹೇಳಬೇಕೆಂದು ತೋಚದೆ, ನಮ್ಮದೇ ರಾಜ್ಯದೊಳಗೆ ನಾವು ಪರದೇಶಿಗಳಾಗಿದ್ದ ಮೂರು ವರ್ಷಗಳ ಕಥೆಯನ್ನೇ ಹೇಳಿದೆವು. ವಾಚಕ ಬಂಧುಗಳಿಗೂ ಅದು ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ತಿಪಟೂರು ಸೀಮೆಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ನಿವೃತ್ತಿ ಹೊಂದಿದ ಮೇಲೆ ನಾವು ದಂಪತಿಗಳು 2016ರ ಜೂನ್ ತಿಂಗಳಲ್ಲಿ ಕಲಬುರಗಿಗೆ ಹೋದೆವು. ಸಂಬಳವಿಲ್ಲದೆ ಪಾಠ ಹೇಳುವ ಹಂಬಲ. ಮೊದಲ ವರ್ಷ ಆಳಂದ, ಎರಡನೆಯ ವರ್ಷ ಅಫಜಲಪುರ, ಮೂರನೆಯ ವರ್ಷ ಜೇವರ್ಗಿ, ಹೀಗೆ ಮೂರು ತಾಲ್ಲೂಕುಗಳ ಹಳ್ಳಿಶಾಲೆಗಳಲ್ಲಿ ಇದ್ದೆವು. ಕನ್ನಡ ನಾಡು, ಕನ್ನಡ ಜನ, ಹೊಂದಿಕೊಳ್ಳಲು ಏನು ಕಷ್ಟ ಎಂಬ ಧೈರ್ಯ ನಮ್ಮದು.

ಆ ಧೈರ್ಯ ಒಂದು ವಾರವೂ ಉಳಿಯಲಿಲ್ಲ. ಹಳೆಯದೊಂದು ಪಂಚೆಯನ್ನು ಕೊಟ್ಟು ನಮ್ಮ ಮನೆಯವರು ನೆರೆಮನೆಯ ಹುಡುಗಿಗೆ "ಇದನ್ನು ಒಗೆದುಬಿಡಮ್ಮ" ಎಂದರು. ಆಕೆ ವಿನಯದಿಂದ ತೆಗೆದುಕೊಂಡು ಹೋಗಿ ತಿಪ್ಪೆಗೆ ಎಸೆದು ಬಂದಳು. ಅಲ್ಲಿ ಒಗೆಯುವುದೆಂದರೆ ಬಿಸಾಡುವುದೂ ಹೌದು! ಬಟ್ಟೆಗೆ ಅರಿವಿ, ಸ್ನಾನಕ್ಕೆ ಜಳಕ, ಹಣಕ್ಕೆ ರೊಕ್ಕ, ಶಾಲೆಗೆ ಸಾಲಿ, ಅಜ್ಜನಿಗೆ ಮುತ್ಯಾ. ಇವೆಲ್ಲ ನಾವು ಪುಸ್ತಕದಲ್ಲಿ ಓದಿದ್ದ ಪದಗಳೇ. ಓದುವುದು ಬೇರೆ, ಅದರೊಳಗೆ ಬದುಕುವುದು ಬೇರೆ.

ಊಟದ ಮಾತು ಬೇಗ ಮುಗಿಯುತ್ತದೆ. ಮುದ್ದೆ ಉಂಡ ಹೊಟ್ಟೆಗೆ ಜೋಳದ ಕಟಕ ರೊಟ್ಟಿ ಒಗ್ಗಲು ಒಂದು ತಿಂಗಳು ಬೇಕಾಯಿತು. ನಮಗೆ ಬಿಡಾರ ಕೊಟ್ಟ ಮನೆಯ ಹಿರಿಯ ತಾಯಿ ನಗುತ್ತ, "ಮಾಸ್ತರ್ರ, ನೀವು ರೊಟ್ಟಿ ತಿನ್ನಂಗಿಲ್ರಿ, ಬರೇ ಮುರೀತೀರಿ" ಎನ್ನುತ್ತಿದ್ದರು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಜೊತೆಗೂಡಿದ ಮೇಲೆ ಮುದ್ದೆಯ ನೆನಪೇ ದೂರವಾಯಿತು. ಬೇಸಿಗೆಯ ಉರಿಗೆ ಮಾತ್ರ ನಾವು ಕೊನೆಯವರೆಗೂ ಒಗ್ಗಲಿಲ್ಲ. ಶಹಾಬಾದ ಕಲ್ಲಿನ ನೆಲದ ಮೇಲೆ ನೀರು ಚಿಮುಕಿಸಿಕೊಂಡು ಮಧ್ಯಾಹ್ನ ಕಳೆಯುವುದನ್ನೂ, ರಾತ್ರಿ ಮಾಳಿಗೆಯ ಮೇಲೆ ಮಲಗುವುದನ್ನೂ ಆ ಮನೆಯವರಿಂದಲೇ ಕಲಿತೆವು.

ನಿಜವಾದ ಪರೀಕ್ಷೆ ತರಗತಿಯಲ್ಲಿತ್ತು. ಆಳಂದ ತಾಲ್ಲೂಕಿನ ಎಂಟನೆಯ ತರಗತಿಯಲ್ಲಿ ಒಂದು ದಿನ ಪ್ರಶ್ನೆ ಕೇಳಿದಾಗ ಹುಡುಗಿಯೊಬ್ಬಳು, "ನಿಂದ್ರಲೇನ್ರಿ ಸರ್?" ಎಂದಳು. "ನಿಂದ್ರು ಅಲ್ಲಮ್ಮ, ನಿಲ್ಲು ಎನ್ನಬೇಕು. ಮೊದಲು ಸರಿಯಾದ ಕನ್ನಡ ಕಲಿ, ಆಮೇಲೆ ಇಂಗ್ಲಿಷ್" ಎಂದು ನಾವು ನಕ್ಕೆವು. ನಲವತ್ತು ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಆ ಹುಡುಗಿ ನಿಲ್ಲಲೂ ಇಲ್ಲ, ಉತ್ತರಿಸಲೂ ಇಲ್ಲ. ಮುಂದಿನ ಹತ್ತು ದಿನ ತರಗತಿಯೇ ಬಾಯಿಬಿಡಲಿಲ್ಲ.

ಅಲ್ಲಿಯ ಹಿರಿಯ ಶಿಕ್ಷಕರೊಬ್ಬರು ನಮ್ಮನ್ನು ಚಹಾಕ್ಕೆ ಕರೆದು ಮೆಲ್ಲಗೆ ಹೇಳಿದರು: "ಸರ್, ಈ ಹುಡುಗ್ರ ಭಾಷಾ ತಪ್ಪು ಅಂತ ಬಂದವ್ರೆಲ್ಲ ಹೇಳ್ಯಾರ. ನೀವೂ ಅದನ್ನೇ ಹೇಳಿದ್ರ ಅವು ಬಾಯಿ ಯಾಕ ತೆಗೀತಾವ್ರಿ?"

ಆ ಮಾತಿನಲ್ಲಿ ಒಂದು ಪ್ರದೇಶದ ಇತಿಹಾಸವೇ ಅಡಗಿದೆ. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು. 1956ರ ನವೆಂಬರ್ 1ರಂದು ಏಕೀಕರಣವಾದ ಮೇಲೆ ಬಂದದ್ದು ಪಠ್ಯಪುಸ್ತಕದ ಕನ್ನಡ; ಅದೂ ಮನೆಯ ಕನ್ನಡವಲ್ಲ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಬಂದಿತು. ಪ್ರತಿಯೊಂದು ಭಾಷೆಯೂ ಹೊರಗಿನಿಂದ ಬಂದ ಮಾಸ್ತರರ ಕೈಯಲ್ಲೇ ಬಂದಿತು.

ನಮ್ಮ ನಗೆಯ ಬಗ್ಗೆ ನಮಗೆ ನಾಚಿಕೆಯಾಗಲು ಇನ್ನೊಂದು ಕಾರಣವೂ ಉಂಟು. "ನಿಂದು" ಎಂಬುದು ಹಳಗನ್ನಡ ಕಾವ್ಯಗಳ ರೂಪ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ರಾಷ್ಟ್ರಕೂಟರ ಆಸ್ಥಾನದಲ್ಲಿ ರಚಿತವಾದ ಗ್ರಂಥ. ಅವರ ರಾಜಧಾನಿ ಮಾನ್ಯಖೇಟ ಇದೇ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಆ ಮಣ್ಣಿನ ಮಗುವಿಗೆ ನಾವು ಕನ್ನಡ ತಿದ್ದಲು ಹೋಗಿದ್ದೆವು!

ಮರುದಿನ ತರಗತಿಯಲ್ಲಿ ಆ ಹುಡುಗಿಯ ಕ್ಷಮೆ ಕೇಳಿದೆವು. ಪಂಚೆಯ ಕಥೆಯನ್ನೂ ಹೇಳಿದೆವು. ಮಕ್ಕಳು ಬಿದ್ದುಬಿದ್ದು ನಕ್ಕರು. ಹಲಗೆಯ ಮೇಲೆ 'ವಾಷ್', 'ಥ್ರೋ' ಎಂಬ ಎರಡು ಪದಗಳನ್ನು ಬರೆದು, ತಿಪಟೂರಿನಲ್ಲಿ ಒಗೆಯುವುದೆಂದರೆ ಯಾವುದು, ಆಳಂದದಲ್ಲಿ ಯಾವುದು ಎಂದು ಕೇಳಿದೆವು. ಅಂದಿನಿಂದ ದಿನಕ್ಕೆ ಐದು ಪದ ಅವರು ನಮಗೆ ಕಲಿಸಬೇಕು, ಐದು ಪದ ನಾವು ಅವರಿಗೆ. ಎಣಿಸಿ ನೋಡಿದರೆ ಆ ತರಗತಿಯಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು ಆಡುವವರಿದ್ದರು, ಗಡಿಯಾಚೆಯ ಅಕ್ಕಲಕೋಟೆಯ ನಂಟಿನಿಂದ ಮರಾಠಿ ಬಲ್ಲವರಿದ್ದರು, ತಾಂಡಾದಿಂದ ಬಂದು ಮನೆಯಲ್ಲಿ ಲಂಬಾಣಿ ಆಡುವವರಿದ್ದರು. ಮೂರು ಭಾಷೆಗಳನ್ನು ಆಡುತ್ತಲೇ ಕಲಿತ ಮಗುವಿಗೆ ನಾಲ್ಕನೆಯದು ಬಾರದು ಎಂದು ಹೇಳುವವರಾರು? ಪಂಪ್, ಪೈಪ್, ಫ್ಯೂಸ್, ಸ್ಟಾರ್ಟರ್, ಟ್ರಾಲಿ ಎಂದು ಹೊಲದ ಇಂಗ್ಲಿಷನ್ನೇ ಮೊದಲ ಪಾಠ ಮಾಡಿಕೊಂಡೆವು.

ಇದು ಹೊಸ ಶೋಧವೇನೂ ಅಲ್ಲ. ಅಮೆರಿಕದಲ್ಲಿ 1961ರಲ್ಲಿ ಆರಂಭವಾದ ಪೀಸ್ ಕೋರ್, ಪರದೇಶಕ್ಕೆ ಕಳುಹಿಸುವ ತನ್ನ ಸ್ವಯಂಸೇವಕರಿಗೆ ಮೊದಲು ಕೆಲವು ತಿಂಗಳ ಕಾಲ ಆ ನೆಲದ ಭಾಷೆಯನ್ನು ಕಲಿಸುತ್ತದೆ. 1976ರವರೆಗೆ ನಮ್ಮ ದೇಶದಲ್ಲಿಯೂ ಅವರು ಕೆಲಸ ಮಾಡಿದರು. ಇಂಗ್ಲಿಷ್ ಮಾತೃಭಾಷೆಯವರೇ ಅಷ್ಟು ಸಿದ್ಧತೆ ಮಾಡಿಕೊಂಡು ಬರುವಾಗ, ಕನ್ನಡ ಬಲ್ಲೆವೆಂಬ ಜಂಬದಲ್ಲಿ ನಾವು ಬರಿಗೈಯಲ್ಲಿ ಹೋದದ್ದು ತಪ್ಪೇ ಸರಿ.

ಅಫಜಲಪುರದ ವರ್ಷ ತೊಗರಿ ರಾಶಿಯ ಕಾಲಕ್ಕೆ ತರಗತಿ ಅರ್ಧ ಬರಿದಾಯಿತು. ನಮಗೆ ಸಿಟ್ಟು ಬಂದಿತ್ತು. ಎಳ್ಳಮಾವಾಸ್ಯೆಯ ದಿನ ಒಬ್ಬ ಹುಡುಗನ ತಂದೆ ನಮ್ಮನ್ನು ಹೊಲಕ್ಕೆ ಕರೆದೊಯ್ದರು. ಚರಗ ಚೆಲ್ಲಿ, ಸಜ್ಜೆಯ ಕಡುಬು, ಭಜ್ಜಿ ಬಡಿಸಿದ ತರುವಾಯ, "ಎಂಟು ದಿನ ಮಗ ಇಲ್ಲಿ ದುಡೀಲಿಲ್ಲಂದ್ರ ಆಳಿನ ಪಗಾರ ಎಲ್ಲಿಂದ ತರ್ಲಿ ಸರ್?" ಎಂದು ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ. ಆ ಎಂಟು ದಿನ ಸಂಜೆ ಏಳಕ್ಕೆ ಅವರ ಕಟ್ಟೆಯ ಮೇಲೆ ಪಾಠ ನಡೆಸಿದೆವು. ಭೀಮೆಯನ್ನು ಕಟ್ಟಿಸಂಗಾವಿಯ ಸೇತುವೆಯಲ್ಲಿ ದಾಟಿ ಜೇವರ್ಗಿಗೆ ಹೋಗುವ ಹೊತ್ತಿಗೆ ನಾವು ಸಾಕಷ್ಟು ಪಳಗಿದ್ದೆವು. ಅಲ್ಲಿಯ ವರ್ಷದ ಬಗ್ಗೆ ದೂರಲು ಏನೂ ಇಲ್ಲ.

ನಮ್ಮಿಂದ ಆ ಶಾಲೆಗಳು ಬದಲಾದವೆಂದು ಹೇಳಿಕೊಳ್ಳಲಾರೆವು. 2025ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆದರೆ ಅದೇ ವರ್ಷ ಒಂದು ಸಂಜೆ ದೂರವಾಣಿ ಕರೆ ಬಂದಿತು. ಆಳಂದದ ಆ "ನಿಂದ್ರಲೇನ್ರಿ" ಹುಡುಗಿ! ಅದೇ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೇರಿದ್ದಾಳಂತೆ. ಹಾಸ್ಟೆಲಿನಲ್ಲಿ ಕೇರಳದವರು, ಬಿಹಾರದವರು ಇದ್ದಾರೆಂದು, ಅವರಿಗೆ ತಾನು ಕನ್ನಡ ಕಲಿಸುತ್ತಿರುವುದಾಗಿ ಐದು ನಿಮಿಷ ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಒಂದು ಕ್ಷಣ ತಡೆದು ಕೇಳಿದಳು:

"ಸರ್, ಈಗ ನಮ್ಮ ಭಾಷಾದಾಗ ಮಾತಾಡ್ಲೇನ್ರಿ?"

"ಮಾತಾಡವ್ವಾ" ಎಂದೆವು.